810 ಕಿಲೋ ಖುಷಿ

ಕಾರು ಓಡಿಸೋದರಲ್ಲಿ ಸಿಗುವ ಖುಷಿಯನ್ನು ಅಳೆಯೋದು ಹೇಗೆ? ಆಫೀಸಿನ ಕ್ಯಾಂಟೀನಲ್ಲಿ ಈ ಮಾತು ಬಂದ್ರೆ ಮೊದಲು ಹಾರ್ಸ್‌ಪವರ್ ಲೆಕ್ಕ ಹೊರಬೀಳುತ್ತೆ, ಅದರ ಬೆನ್ನಿಗೇ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನೋ ಲೆಕ್ಕ. ಸರಿ, ಒಂದು ಕಾರಿನ ಲೆಕ್ಕ ಹೇಳ್ತೀನಿ. 1.6 ಲೀಟರ್ ಪೆಟ್ರೋಲ್ ಎಂಜಿನ್, 110 ಎಚ್‌ಪಿ. ಸೊನ್ನೆಯಿಂದ ನೂರಕ್ಕೆ ಸುಮಾರು 9 ಸೆಕೆಂಡು. ಗರಿಷ್ಠ ವೇಗ ಗಂಟೆಗೆ 182 ಕಿಲೋಮೀಟರ್. ಬಾಯಿ ಬಿಟ್ಟು ನೋಡುವಂಥದ್ದು ಇದರಲ್ಲಿ ಏನೂ ಇಲ್ಲ. ಇವತ್ತು ಔಟರ್ ರಿಂಗ್ ರೋಡಿನ ಟ್ರಾಫಿಕ್ಕಲ್ಲಿ ನಿಮ್ಮ ಪಕ್ಕ ನಿಂತಿರುವ ಮಾಮೂಲಿ ಕಾಂಪ್ಯಾಕ್ಟ್ ಎಸ್‌ಯುವಿಗೂ ಹೆಚ್ಚುಕಮ್ಮಿ ಅಷ್ಟೇ ತಾಕತ್ತಿರುತ್ತೆ.

ಆದರೆ ಈ ಲೆಕ್ಕದ ಕಾರು 1976ರದ್ದು, ಮೊದಲ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಐವತ್ತು ವರ್ಷ ಹತ್ತಿರ ಬಂದರೂ ಓಡಿಸುವ ಮಜಾದ ಮಾತು ಬಂದಾಗ ಜನ ಇನ್ನೂ ಇದರ ಹೆಸರು ತೆಗೀತಾರೆ. ಕಾರಣ, ನಾನು ಮೇಲಿನ ಪಟ್ಟಿಯಲ್ಲಿ ಬೇಕಂತಲೇ ಬಿಟ್ಟ ಒಂದು ಅಂಕಿ. ಅದರ ತೂಕ 810 ಕಿಲೋ.

ಹ್ಯಾಚ್‌ಬ್ಯಾಕ್ ಅಂದ್ರೆ ನಮಗೆಲ್ಲ ಗೊತ್ತಿರೋದೇ. ಡಿಕ್ಕಿ ಬೇರೆಯಾಗಿ ಉದ್ದಕ್ಕೆ ಚಾಚಿಕೊಂಡಿರಲ್ಲ, ಹಿಂದೆ ಮೇಲಕ್ಕೆತ್ತುವ ಬಾಗಿಲು ಇರುತ್ತೆ, ಸೀಟು ಮಡಚಿದ್ರೆ ಅಕ್ಕಿ ಮೂಟೆಯೂ ಹಿಡಿಸುತ್ತೆ. ಹಾಟ್ ಹ್ಯಾಚ್ ಅಂದ್ರೆ ಅದೇ ಮನೆಬಳಕೆಯ ಕಾರಿಗೆ ದೊಡ್ಡ ಎಂಜಿನ್, ಗಟ್ಟಿ ಸಸ್ಪೆನ್ಷನ್, ಒಳ್ಳೆ ಬ್ರೇಕು ಕೊಟ್ಟು ಖಾರ ಮಾಡಿದ್ದು. ಮಿಕ್ಕ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದ ಹಾಗೆ. ಈ ಹೆಸರು ಚಾಲ್ತಿಗೆ ಬಂದಿದ್ದು 1980ರ ದಶಕದಲ್ಲಿ, ಬ್ರಿಟನ್ನಿನ ಕಾರು ಪತ್ರಿಕೆಗಳಿಂದ. ಅಡುಗೆ ಮಾತ್ರ ಅದಕ್ಕಿಂತ ಹಳೇದು.

ಶುರು ಮಾಡಬೇಕಾದ್ದು ಮಿನಿಯಿಂದ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ನಿಗೆ ಪೆಟ್ರೋಲ್ ತತ್ವಾರ ಬಂತು. ಕಡಿಮೆ ಕುಡಿಯುವ ಪುಟ್ಟ ಕಾರು ಬೇಕು ಅಂದಾಗ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡ ಇಟ್ಟು, ಮುಂದಿನ ಚಕ್ರಗಳಿಗೆ ಶಕ್ತಿ ಕೊಟ್ಟು, ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿ 1959ರಲ್ಲಿ ಮಿನಿ ಮಾಡಿದ. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್‌ಗೆ ಆ ತಿರುವುಗಾರಿಕೆ ಕಣ್ಣಿಗೆ ಬಿತ್ತು. 1961ರಲ್ಲಿ ಮಿನಿ ಕೂಪರ್ ಬಂತು, ಶಕ್ತಿ ಬರೀ 55 ಎಚ್‌ಪಿ. ಅದರ ತಮ್ಮ ಕೂಪರ್ ಎಸ್ 1964, 65 ಮತ್ತು 67ರಲ್ಲಿ ಮಾಂಟೆ ಕಾರ್ಲೋ ರ್‍ಯಾಲಿ ಗೆದ್ದಿತು. ಮಿನಿಗೆ ಹಿಂಬಾಗಿಲು ಇರಲಿಲ್ಲ, ಪುಟ್ಟ ಡಿಕ್ಕಿ ಇತ್ತು. ಹಾಗಾಗಿ ಅದನ್ನು ಹಾಟ್ ಹ್ಯಾಚ್ ಅನ್ನಲಾಗದು. ಆದರೆ ಮುಂದೆ ಬಂದವರಿಗೆಲ್ಲ ಪಾಠ ಹೇಳಿದ ಮೇಷ್ಟ್ರು ಅದೇ.

ಎರಡನೇ ಸಲ ಪೆಟ್ರೋಲ್ ತತ್ವಾರ ಆಗಿದ್ದು 1973ರಲ್ಲಿ, ಈ ಸಲ ಇಡೀ ಯುರೋಪಿಗೆ. ಪಶ್ಚಿಮ ಜರ್ಮನಿಯಲ್ಲಿ ಆ ಚಳಿಗಾಲದ ನಾಲ್ಕು ಭಾನುವಾರ ಖಾಸಗಿ ಕಾರುಗಳನ್ನೇ ರಸ್ತೆಗಿಳಿಸುವ ಹಾಗಿರಲಿಲ್ಲ. ಫೋಕ್ಸ್‌ವ್ಯಾಗನ್ ಪರಿಸ್ಥಿತಿ ಮೊದಲೇ ಹದಗೆಟ್ಟಿತ್ತು. ಬೀಟಲ್ ಹಳೆಯದಾಗಿತ್ತು, 1974ರಲ್ಲಿ ಕಂಪನಿ 80 ಕೋಟಿ ಮಾರ್ಕ್‌ ನಷ್ಟ ಮಾಡಿಕೊಂಡಿತು. ಬೀಟಲ್ ಜಾಗ ತುಂಬಲು ಅದೇ ವರ್ಷ ಬಂದದ್ದು ಇಟಲಿಯ ಜುಜಾರೋ ಗೆರೆ ಎಳೆದ ಗಾಲ್ಫ್. ಕಂಪನಿಯ ಪ್ರಾಣ ಆ ಒಂದು ಕಾರಿನ ಮೇಲೆ ನಿಂತಿತ್ತು. ಇಂಥಾ ಹೊತ್ತಲ್ಲಿ ಸ್ಪೋರ್ಟ್ಸ್ ಕಾರು ಮಾಡೋಣ ಅಂತ ಯಾರಾದ್ರೂ ಮೀಟಿಂಗಲ್ಲಿ ಬಾಯಿ ಬಿಟ್ಟರೆ ಏನಾಗುತ್ತೆ ಅನ್ನೋದು ಕಾಸ್ಟ್ ಕಟಿಂಗ್ ನೋಡಿರುವ ನಮಗೆ ಹೇಳಿಕೊಡಬೇಕಿಲ್ಲ.

ಆಲ್ಫೋನ್ಸ್ ಲೋವೆನ್‌ಬರ್ಗ್ ಅನ್ನೋ ಟೆಸ್ಟ್ ಎಂಜಿನಿಯರ್ ಮೀಟಿಂಗಲ್ಲಿ ಮಾತಾಡಲಿಲ್ಲ. 1973ರ ಮಾರ್ಚಿನಲ್ಲಿ ಕೆಲವೇ ಸಹೋದ್ಯೋಗಿಗಳಿಗೆ ಒಂದು ಮೆಮೋ ಕಳಿಸಿದ. ನಾವೂ ಒಂದು ಸರಿಯಾದ ಸ್ಪೋರ್ಟ್ಸ್ ಕಾರು ಮಾಡಬೇಕು ಅನ್ನೋದು ಅದರ ಸಾರ. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಆಸಕ್ತಿ ತೋರಿಸಿದ ಕೆಲವರಲ್ಲಿ ಚಾಸಿಸ್ ತಜ್ಞ ಹರ್ಮನ್ ಹಾಬ್ಲಿಟ್ಸೆಲ್ ಮತ್ತು ಪತ್ರಿಕಾ ವಿಭಾಗದ ಆಂಟನ್ ಕೊನ್ರಾಡ್ ಇದ್ದರು. ಗುಂಪು ಕೊನ್ರಾಡ್ ಮನೆಯಲ್ಲಿ ಸೇರುತ್ತಿತ್ತು. ಆಡಳಿತದ ಅಧಿಕೃತ ಆದೇಶವಿಲ್ಲ, ಬಜೆಟ್ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸ್ಪ್ರಿಂಟ್ ಬೋರ್ಡಿನಲ್ಲಿ ಟಿಕೆಟ್ಟೇ ಇಲ್ಲದ ಕೆಲಸ. ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1975ರಲ್ಲಿ, ಕಾರು ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂದಿದ್ದು ಅದೇ ಸೆಪ್ಟೆಂಬರಿನಲ್ಲಿ.

ದುಡ್ಡಿಲ್ಲದ ಕಾರಣಕ್ಕೇ ಅವರು ಹೊಸದಾಗಿ ಏನೂ ಕಂಡುಹಿಡಿಯಲಿಲ್ಲ. ಮನೆಯಲ್ಲಿ ಇದ್ದದ್ದನ್ನೇ ಜೋಡಿಸಿದರು. ಆಡಿ 80 ಜಿಟಿಇಯ ಎಂಜಿನ್ ತಂದರು. ಕಾರನ್ನು ನೆಲಕ್ಕೆ ಸ್ವಲ್ಪ ಇಳಿಸಿದರು, ಅಗಲದ ಟಯರು ಹಾಕಿದರು, ತಿರುವಿನಲ್ಲಿ ಮೈ ವಾಲದ ಹಾಗೆ ಆಂಟಿ-ರೋಲ್ ಬಾರ್ ಕೊಟ್ಟರು. ಪೆಟ್ರೋಲ್ ಹಾಯಿಸೋಕೆ ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಜೆಕ್ಷನ್. ಇದರಲ್ಲಿ ಕಂಪ್ಯೂಟರ್ ಇರಲಿಲ್ಲ. ಒಳಗೆ ಬರುವ ಗಾಳಿ ಒಂದು ತಟ್ಟೆಯನ್ನು ಎತ್ತುತ್ತೆ, ತಟ್ಟೆ ಎದ್ದಷ್ಟು ಪೆಟ್ರೋಲ್ ಹರಿಯುತ್ತೆ, ಅಷ್ಟೇ. ಜಿಟಿಐ ಹೆಸರಿನ ಕೊನೆಯ ಐ ಅಕ್ಷರ ಈ ಇಂಜೆಕ್ಷನ್ನಿನದ್ದು. ಬೆಂಗಳೂರಿನ ಹಳಬರು ಇದೇ ಬಾಷ್ ಕಂಪನಿಯನ್ನು ಮೈಕೋ ಅಂತ ಕರೀತಿದ್ದರು. 1951ರಲ್ಲಿ ಅದು ಇಲ್ಲಿ ಶುರುವಾದಾಗಿನ ಹೆಸರು ಅದು. ಮೈಕೋ ಲೇಔಟಿನ ಪೀಜಿಗಳಲ್ಲಿ ಇದ್ದು ಬಂದ ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಹೆಸರಿನ ಮೂಲ ಗೊತ್ತಿರಲ್ಲ.

ಕಾರಿನ ಒಳಗಿನ ಅಂದವೂ ಹೀಗೇ ಸುಮ್ಮನೆ ಹೊಳೆದ ಯೋಚನೆಗಳಿಂದ ಬಂತು. ಬಟ್ಟೆ ಮತ್ತು ಬಣ್ಣದ ವಿಭಾಗದಲ್ಲಿದ್ದ ಗುನ್‌ಹಿಲ್ಡ್ ಲಿಲಿಯೆಕ್ವಿಸ್ಟ್ ಮೊದಲು ಪಿಂಗಾಣಿ ಮೇಲೆ ಚಿತ್ರ ಬಿಡಿಸುತ್ತಿದ್ದವರು. ಬ್ರಿಟನ್ ಪ್ರವಾಸದಲ್ಲಿ ಕಂಡ ಚೌಕಳಿ ಬಟ್ಟೆ ನೆನಪಿಟ್ಟುಕೊಂಡು ಸೀಟಿಗೆ ಕೆಂಪು-ಕಪ್ಪು ಚೌಕಳಿ ಹಾಕಿದರು. ಗಾಲ್ಫ್ ಅಲ್ವಾ, ಗೇರಿನ ತುದಿಗೆ ಗಾಲ್ಫ್ ಚೆಂಡೇ ಇರಲಿ ಅಂದದ್ದೂ ಅವರೇ.

ಕಂಪನಿಗೆ ಅಂಥಾ ನಂಬಿಕೆಯೇನೂ ಇರಲಿಲ್ಲ. ರೇಸ್ ನಿಯಮಕ್ಕೆ ಬೇಕಾದಷ್ಟು, ಅಂದ್ರೆ 5,000 ಕಾರು ಮಾರಿದರೆ ಸಾಕು ಅನ್ನೋದು ಲೆಕ್ಕಾಚಾರ. ಮೊದಲ ತಲೆಮಾರೊಂದೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯ್ತು. ನ್ಯಾಯವಾಗಿ ಹೇಳಬೇಕಂದ್ರೆ ಈ ಯೋಚನೆ ಅವರೊಬ್ಬರದ್ದೇ ಅಲ್ಲ. ಫ್ರಾನ್ಸಿನ ಸಿಮ್ಕಾ 1100 ಟಿಐ ಮೊದಲೇ ಬಂದಿತ್ತು, ರೆನೋ 5 ಆಲ್ಪೈನ್ 1976ರಲ್ಲೇ ಬಂತು. ಆದರೆ ವಾರವಿಡೀ ಆಫೀಸಿಗೆ, ಶನಿವಾರ ಸಂತೆಗೆ, ಭಾನುವಾರ ಬೆಳಗ್ಗೆ ಖಾಲಿ ರಸ್ತೆಗೆ, ಮೂರಕ್ಕೂ ಒಂದೇ ಕಾರು ಸಾಕು ಅಂತ ಜನರನ್ನು ನಂಬಿಸಿದ್ದು ಗಾಲ್ಫ್.

ನಂಬಿಸಿದ ಮೇಲೆ ಎಲ್ಲರೂ ಇಳಿದರು. ಅವರಲ್ಲಿ ಗಾಲ್ಫ್‌ಗೆ ನೀರು ಕುಡಿಸಿದ್ದು 1984ರ ಪ್ಯೂಜೋ 205 ಜಿಟಿಐ. 1.6 ಲೀಟರ್, 105 ಎಚ್‌ಪಿ, ತೂಕ 850 ಕಿಲೋ. ಕಾಗದದ ಮೇಲೆ ಗಾಲ್ಫ್‌ಗಿಂತ ಒಂದು ಕೈ ಕಡಿಮೆಯೇ. ಎರಡು ವರ್ಷಕ್ಕೆ ಅದು 115 ಎಚ್‌ಪಿ ಆಯ್ತು, ಜೊತೆಗೆ 130 ಎಚ್‌ಪಿಯ 1.9 ಲೀಟರ್ ಅಣ್ಣನೂ ಬಂದ. 205ರ ಹೆಸರು ಉಳಿದದ್ದು ಮಾತ್ರ ಈ ಅಂಕಿಗಳಿಂದಲ್ಲ, ಅದು ತಿರುಗುತ್ತಿದ್ದ ರೀತಿಯಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೈಕಲ್ಲಿನ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದ್ರೆ ಹಿಂದಿನ ಚಕ್ರ ಎದ್ದುಬಿಡುತ್ತಲ್ಲ, ಕಾರಿನಲ್ಲೂ ಅದೇ ಆಗುತ್ತೆ. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಭಾರ ಮುಂದಕ್ಕೆ ಜಾರುತ್ತೆ, ಹಿಂದಿನ ಟಯರುಗಳ ಹಿಡಿತ ಸಡಿಲ ಆಗುತ್ತೆ. ಹೆಚ್ಚಿನ ಕಾರುಗಳನ್ನು ಇದು ಗೊತ್ತೇ ಆಗದ ಹಾಗೆ ಮಂದ ಮಾಡಿ ಕಟ್ಟಿರ್ತಾರೆ. 205ನಲ್ಲಿ ಗೊತ್ತಾಗುತ್ತಿತ್ತು. ಕಾಲು ಒಂಚೂರು ಸಡಿಲಿಸಿದರೆ ಬಾಲ ಮೆಲ್ಲಗೆ ಹೊರಕ್ಕೆ ಸರಿದು ಮೂತಿ ತಿರುವಿನ ಒಳಕ್ಕೆ ತಿರುಗುತ್ತಿತ್ತು. ಅಂದ್ರೆ ಕಾರನ್ನು ಸ್ಟಿಯರಿಂಗಿನಿಂದ ಅಷ್ಟೇ ಅಲ್ಲ, ಬಲಗಾಲಿನಿಂದಲೂ ತಿರುಗಿಸಬಹುದಿತ್ತು. ತಿಳಿದವರಿಗೆ ಇದು ಎತ್ತಿನ ಮೂಗುದಾರ ಬೆರಳಲ್ಲಿ ಹಿಡಿದ ಹಾಗೆ. ತಿಳಿಯದವರು ಮಳೆಯಲ್ಲಿ ವೇಗವಾಗಿ ಹೋಗಿ, ತಿರುವು ಕಂಡು ಹೆದರಿ ಕಾಲು ಪೂರ್ತಿ ಎತ್ತಿಬಿಡುತ್ತಿದ್ದರು. ಬಾಲ ಮೂತಿಗಿಂತ ಮುಂದೆ ಬರುತ್ತಿತ್ತು. ಹಿಮ್ಮುಖವಾಗಿ ಬೇಲಿ ಹಾರಿದ 205ಗಳ ಕಥೆ ಯುರೋಪಿನಲ್ಲಿ ಬೇಕಾದಷ್ಟಿವೆ.

ಇದರ ಪಕ್ಕ ನಿಲ್ಲಿಸಬೇಕಾದ್ದು 1985ರ ರೆನೋ 5 ಜಿಟಿ ಟರ್ಬೋ. ಇದರ 1.4 ಲೀಟರ್ ಎಂಜಿನ್ನಿನ ವಂಶ 1960ರ ದಶಕದ್ದು. ಆ ಮುದುಕನಿಗೆ ಟರ್ಬೋ ಕಟ್ಟಿ 115 ಎಚ್‌ಪಿ ಹೊರಡಿಸಿದ್ದರು. ನಮ್ಮೂರ ಬೋರ್‌ವೆಲ್ ಕೈಪಂಪು ನೆನಪಿದ್ದರೆ ಇದರ ಸ್ವಭಾವ ಅರ್ಥ ಆಗುತ್ತೆ. ಮೊದಲು ನಾಲ್ಕು ಸಲ ಒತ್ತಿದರೂ ಏನೂ ಬರಲ್ಲ, ಐದನೇ ಸಲಕ್ಕೆ ಕೊಡ ಹೊರಳುವ ಹಾಗೆ ನುಗ್ಗುತ್ತೆ. ಟರ್ಬೋ ತಿರುಗಿ ವೇಗ ಹಿಡಿಯುವವರೆಗೆ ಕಾರು ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಹಾರುತ್ತಿತ್ತು. ಓಡಿಸಿ ನಿಲ್ಲಿಸಿದ ಮೇಲೆ ಬಿಸಿಗೆ ಕಾರ್ಬುರೇಟರಿನಲ್ಲಿದ್ದ ಪೆಟ್ರೋಲ್ ಆವಿಯಾಗಿ, ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುತ್ತಿತ್ತು. ಮಜಾ ಇತ್ತು, ಆದರೆ ಅದು ಜಾತ್ರೆಯ ತೊಟ್ಟಿಲು ಹತ್ತಿದ ಮಜಾ. ನೀವು ಕೂತಿರ್ತೀರಿ, ತಿರುಗಿಸೋದು ಬೇರೆ ಯಾರೋ.

ಈ ವ್ಯತ್ಯಾಸವೇ ಮುಖ್ಯ. ನಾನು ಓಡಿಸಲು ಕಲಿತಿದ್ದು ಟಿವಿಎಸ್ 50ಯಲ್ಲಿ. ಎರಡು ಮೂಟೆ ಹಿಂಡಿ ಹೇರಿಕೊಂಡು ಎಕ್ಸಲೇಟರ್ ಪೂರ್ತಿ ತಿರುವಿದ್ರೂ ನಲವತ್ತು ದಾಟುತ್ತಿರಲಿಲ್ಲ. ಆದರೆ ಮಣ್ಣಿನ ರಸ್ತೆಯಲ್ಲಿ ಆ ನಲವತ್ತರಲ್ಲಿ ಪ್ರತಿ ಕಲ್ಲು, ಪ್ರತಿ ಗುಂಡಿ ಕೈಗೆ ತಾಗುತ್ತಿತ್ತು. ಗಾಡಿಯ ತಾಕತ್ತೆಲ್ಲ ಬಳಕೆ ಆಗುತ್ತಿತ್ತು, ಓಡಿಸುವವನ ತಾಕತ್ತೂ. ಇವತ್ತು 250 ಎಚ್‌ಪಿ ಕಾರನ್ನು ಹೆದ್ದಾರಿಯಲ್ಲಿ ಓಡಿಸಿದ್ರೆ ಅದರ ಕಾಲುಭಾಗ ಶಕ್ತಿಗೇ ಕಾನೂನಿನ ಮಿತಿ ಮುಟ್ಟಿಬಿಡ್ತೀವಿ. ಮಿಕ್ಕ ಮುಕ್ಕಾಲಿಗೆ ಕಂತು ಕಟ್ತಿರ್ತೀವಿ ಅಷ್ಟೆ. 850 ಕಿಲೋ ಕಾರಿನ ಮಿತಿ ಸಾಧಾರಣ ರಸ್ತೆಯಲ್ಲಿ, ಸಾಧಾರಣ ವೇಗದಲ್ಲಿ, ಸಾಧಾರಣ ಮನುಷ್ಯನ ಕೈಗೆಟುಕುವ ಹಾಗಿತ್ತು. ಪವರ್ ಸ್ಟಿಯರಿಂಗ್ ಬೇಕಾಗದಷ್ಟು ಹಗುರ, ಹಾಗಾಗಿ ರಸ್ತೆಯ ಸುದ್ದಿ ನೇರ ಅಂಗೈಗೆ ಬರುತ್ತಿತ್ತು. ಹಗುರ ಕಾರಿಗೆ ಸಣ್ಣ ಬ್ರೇಕು ಸಾಕು, ಸಣ್ಣ ಬ್ರೇಕಿಗೆ ಸಣ್ಣ ಚಕ್ರ ಸಾಕು, ಸಣ್ಣ ಚಕ್ರ ಅಂದ್ರೆ ಮತ್ತೆ ತೂಕ ಕಡಿಮೆ. ಒಳ್ಳೆ ಕೋಡ್ ಬರೆದಾಗ ಸಣ್ಣ ಸರ್ವರ್ ಸಾಕಾಗುತ್ತಲ್ಲ, ಹಾಗೆ.

ಇದೇ ದಾರಿಯಲ್ಲಿ ಜಪಾನಿನ ಸುಜುಕಿಯೂ ಇತ್ತು. ಸ್ವಿಫ್ಟ್ ಜಿಟಿಐ ಅಂತ ಯುರೋಪಿನಲ್ಲಿ ಮಾರಿದ ಕಾರಿಗೆ 1.3 ಲೀಟರಿನ ಟ್ವಿನ್‌ಕ್ಯಾಮ್ ಎಂಜಿನ್, 100 ಎಚ್‌ಪಿ, ತೂಕ 800 ಕಿಲೋ ಆಸುಪಾಸು. ಇದರ ಸೆಡಾನ್ ರೂಪವೇ ನಮ್ಮ ಮಾರುತಿ 1000, ಆಮೇಲೆ ಎಸ್ಟೀಮ್. ಎಸ್ಟೀಮ್‌ನಲ್ಲಿ ಇದ್ದದ್ದೂ ಅದೇ ಜಿ13 ಮನೆತನದ ಎಂಜಿನ್, ಸೌಮ್ಯ ಮಾಡಿದ್ದು. ನಮ್ಮ ರ್‍ಯಾಲಿಗಳಲ್ಲಿ ಎಸ್ಟೀಮ್ ಅಷ್ಟು ವರ್ಷ ಓಡಿದ್ದು ಸುಮ್ಮನೆ ಅಲ್ಲ. ಹಾಟ್ ಹ್ಯಾಚ್ ನಮಗೆ ಬರಲಿಲ್ಲ, ಅದರ ಸಾಧು ಸ್ವಭಾವದ ಅಣ್ಣ ಬಂದಿದ್ದ.

1990ರ ದಶಕದ ಎರಡು ಕಾರು ಹೇಳದೆ ಹೋದರೆ ಪಟ್ಟಿ ಪೂರ್ತಿ ಆಗಲ್ಲ. ಒಂದು, 1993ರ ರೆನೋ ಕ್ಲಿಯೋ ವಿಲಿಯಮ್ಸ್. 2 ಲೀಟರ್, 150 ಎಚ್‌ಪಿ, ನೀಲಿ ಮೈ, ಚಿನ್ನದ ಬಣ್ಣದ ಚಕ್ರ. ಹೆಸರು ಫಾರ್ಮುಲಾ ಒನ್ ತಂಡದ್ದು, ಕೆಲಸ ಮಾತ್ರ ಪೂರ್ತಿ ರೆನೋದ ಸ್ವಂತ ರೇಸ್ ವಿಭಾಗದ್ದು. ನಂಬರ್ ಹಾಕಿದ ಸೀಮಿತ ಕಾರು ಅಂತ ಮಾರಿ, ಆಮೇಲೆ ವಿಲಿಯಮ್ಸ್ 2, ವಿಲಿಯಮ್ಸ್ 3 ಅಂತ ಮತ್ತೆ ಮತ್ತೆ ಮಾಡಿದ್ದಕ್ಕೆ ಮೊದಲು ಕೊಂಡವರು ಸಿಟ್ಟಾದರು. ಆದರೂ 205ರ ಚುರುಕನ್ನು ಅದರ ಕಾಟವಿಲ್ಲದೆ ಕೊಟ್ಟ ಕಾರು ಇದು. ಇನ್ನೊಂದು, 1997ರ ಹೋಂಡಾ ಸಿವಿಕ್ ಟೈಪ್ ಆರ್. ಟರ್ಬೋ ಇಲ್ಲದೆ 1.6 ಲೀಟರಿನಿಂದ 185 ಎಚ್‌ಪಿ, ಅದೂ 8,200 ಆರ್‌ಪಿಎಮ್‌ನಲ್ಲಿ. ಅದು ಎಂಜಿನ್ನಿನ ಕಾರು. ಉಳಿದವು ತಿರುವಿನ ಕಾರುಗಳು.

ಇಷ್ಟು ಒಳ್ಳೆಯದಾಗಿದ್ದರೆ ಈ ಜಾತಿ ಯಾಕೆ ಅಳಿವಿನಂಚಿಗೆ ಬಂತು? ಬ್ರಿಟನ್ನಿನಲ್ಲಿ ಮೊದಲ ಪೆಟ್ಟು ಕೊಟ್ಟವರು ಕಳ್ಳರು. ಆ ಕಾಲದ ಕಾರಿನ ಬೀಗ ತೆಗೆಯೋದು, ಕೀ ಇಲ್ಲದೆ ಸ್ಟಾರ್ಟ್ ಮಾಡೋದು ನಿಮಿಷದ ಕೆಲಸ. ಆಕ್ಸ್‌ಫರ್ಡ್ ಅಂಚಿನ ಬ್ಲ್ಯಾಕ್‌ಬರ್ಡ್ ಲೀಸ್ ಬಡಾವಣೆಯಲ್ಲಿ ಹುಡುಗರು ಕದ್ದ ಹಾಟ್ ಹ್ಯಾಚ್‌ಗಳನ್ನು ರಾತ್ರಿ ಬೀದಿಯಲ್ಲಿ ಗಿರಗಿರ ತಿರುಗಿಸಿ ತೋರಿಸುತ್ತಿದ್ದರು, ಜನ ನಿಂತು ನೋಡುತ್ತಿದ್ದರು. 1991ರಲ್ಲಿ ಪೊಲೀಸರು ಇದನ್ನು ತಡೆಯಲು ಹೋದಾಗ ಗಲಭೆಯೇ ಆಯ್ತು. ವಿಪರ್ಯಾಸ ಅಂದ್ರೆ ಅದರ ಪಕ್ಕದಲ್ಲೇ ಇರೋದು ಕೌಲಿ ಕಾರ್ಖಾನೆ, ಒಂದು ಕಾಲಕ್ಕೆ ಮಿನಿ ತಯಾರಾಗುತ್ತಿದ್ದ ಜಾಗ. ಕಾರು ಕಟ್ಟಿದವರ ಬಡಾವಣೆಯ ಮಕ್ಕಳು ಕದ್ದ ಕಾರು ಓಡಿಸುತ್ತಿದ್ದರು. 1992ರಲ್ಲಿ ಇದಕ್ಕಂತಲೇ ಕಾನೂನು ಬಂತು. ಅಷ್ಟರಲ್ಲಿ ವಿಮೆ ಕಂಪನಿಗಳು ಇಂಥಾ ಕಾರುಗಳ ಪ್ರೀಮಿಯಂ ಏರಿಸಿ ಏರಿಸಿ, ಕೊಳ್ಳಬೇಕಾದ ವಯಸ್ಸಿನ ಹುಡುಗರು ಕೊಳ್ಳದ ಹಾಗಾಯ್ತು. ಕೀ ಒಳಗೆ ಚಿಪ್ ಇಡುವ ಇಮ್ಮೊಬಿಲೈಸರ್ ಕಡ್ಡಾಯ ಆಗಿದ್ದು 1998ರಲ್ಲಿ. ಅಷ್ಟು ಹೊತ್ತಿಗೆ ಅರ್ಧ ಮಾರುಕಟ್ಟೆಯೇ ಹೋಗಿತ್ತು.

ಎರಡನೇ ಪೆಟ್ಟು ತೂಕದ್ದು. 1990ರ ದಶಕದ ಮೊದಲಲ್ಲಿ ಬಂದ ಮೂರನೇ ತಲೆಮಾರಿನ ಗಾಲ್ಫ್ ಜಿಟಿಐ ಒಂದು ಟನ್ ದಾಟಿತ್ತು, ಶಕ್ತಿ 115 ಎಚ್‌ಪಿ. ಅಂದ್ರೆ ಹದಿನೈದು ವರ್ಷಕ್ಕೆ ಐದು ಎಚ್‌ಪಿ ಲಾಭ, ಇನ್ನೂರು ಕಿಲೋಗೂ ಹೆಚ್ಚು ನಷ್ಟ. ಈಗಿನ ಎಂಟನೆಯ ತಲೆಮಾರು 1,400 ಕಿಲೋ ಮೀರಿದೆ. ಹಳೆ ಕಾರು ಪ್ರಿಯರು ಇದನ್ನು ಕೊಬ್ಬು ಅಂತ ಬೈತಾರೆ. ಇಲ್ಲಿ ನಾನು ಅವರ ಕಡೆ ನಿಲ್ಲಲ್ಲ.

ಯಾಕಂದ್ರೆ ಆ ತೂಕದಲ್ಲಿ ಬಹುಪಾಲು ಏನು ಅಂತ 1997ರಲ್ಲಿ ಎಲ್ಲರೂ ಕಣ್ಣಾರೆ ನೋಡಿದರು. ಯುರೋ ಎನ್‌ಕ್ಯಾಪ್ ಅಂತ ಡಿಕ್ಕಿ ಪರೀಕ್ಷೆ ಶುರುವಾದ ವರ್ಷ ಅದು. 1980ರ ಮೆಟ್ರೋ ಕಾರಿನ ವಿನ್ಯಾಸವನ್ನೇ ಇಟ್ಟುಕೊಂಡು ಮಾರುತ್ತಿದ್ದ ರೋವರ್ 100 ಅನ್ನೋ ಹಗುರ ಹ್ಯಾಚ್‌ಬ್ಯಾಕಿಗೆ ಸಿಕ್ಕಿದ್ದು ಒಂದೇ ಸ್ಟಾರ್. ಮುಂದೆ ಕೂತವರ ಜಾಗ ರಟ್ಟಿನ ಡಬ್ಬದ ಹಾಗೆ ಮುದುರಿತ್ತು. ಜನ ಕೊಳ್ಳೋದು ಬಿಟ್ಟರು, ಕಾರು ನಿಂತೇಹೋಯ್ತು. 205ನ್ನೋ ಮೊದಲ ಗಾಲ್ಫನ್ನೋ ಆ ಗೋಡೆಗೆ ಓಡಿಸಿದ್ದರೆ ಇದಕ್ಕಿಂತ ಭಿನ್ನವಾದ ಚಿತ್ರ ಬರುತ್ತಿತ್ತು ಅಂದುಕೊಳ್ಳೋಕೆ ಕಾರಣ ಇಲ್ಲ, ಅವೂ ಅದೇ ಕಾಲದ ಕಬ್ಬಿಣ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಕಾರುಗಳನ್ನು ಗುದ್ದಿಸಿದಾಗ ಆಲ್ಟೋ 800, ನ್ಯಾನೋ, ಐ10, ಫಿಗೋ, ಏರ್‌ಬ್ಯಾಗ್ ಇಲ್ಲದ ಪೋಲೋ, ಆಮೇಲೆ ಸ್ವಿಫ್ಟ್, ಎಲ್ಲಕ್ಕೂ ಸೊನ್ನೆ. ಹಗುರ ಅನ್ನೋ ಪದಕ್ಕೆ ನಮ್ಮಲ್ಲಿ ಖುಷಿಯ ನೆನಪಿಲ್ಲ, ಈ ನೆನಪಿದೆ.

ನಮಗೆ ಖುಷಿಯ ನೆನಪು ಇಲ್ಲದಿರೋಕೆ ಇನ್ನೊಂದು ಕಾರಣ ಬಜೆಟ್ಟು. 2001ರಲ್ಲಿ ಫಿಯೆಟ್ ಪಾಲಿಯೋ 1.6 ಬಂದಿತ್ತು, 100 ಎಚ್‌ಪಿ. 2005ರ ಸ್ವಿಫ್ಟ್‌ನಲ್ಲಿ ಅದೇ ಜಿ13 ಮನೆತನದ 1.3 ಲೀಟರ್ ಎಂಜಿನ್ ಇತ್ತು. ಆಮೇಲೆ 2006ರ ಕೇಂದ್ರ ಬಜೆಟ್, ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಅಬಕಾರಿ ಸುಂಕ ಇಳಿಸಿತು. ಸಣ್ಣ ಕಾರಿಗೆ ಸಣ್ಣ ಎಂಜಿನ್ ಅನ್ನೋದು ಬಹುತೇಕ ಶಾಸನ ಆಯ್ತು. 2010ಕ್ಕೆ ಸ್ವಿಫ್ಟ್ ಕೂಡ 1.2ಕ್ಕೆ ಇಳಿಯಿತು. ನಿಜವಾದ ಜಿಟಿಐ ಬಂದಾಗ ಅದು ಶ್ರೀಮಂತರ ಆಟಿಕೆಯಾಗಿತ್ತು. 2016ರಲ್ಲಿ ಪೋಲೋ ಜಿಟಿಐ, 99 ಕಾರು ಮಾತ್ರ, ಬೆಲೆ 26 ಲಕ್ಷದ ಹತ್ತಿರ. 2025ರಲ್ಲಿ ಗಾಲ್ಫ್ ಜಿಟಿಐ, 53 ಲಕ್ಷ. ನಷ್ಟದಲ್ಲಿದ್ದ ಕಂಪನಿಯ ಬಿಡಿಭಾಗ ಜೋಡಿಸಿ ಸಂಬಳದ ಜನಕ್ಕಾಗಿ ಮಾಡಿದ ಕಾರಿನ ಮೊಮ್ಮಗನಿಗೆ ಈ ಬೆಲೆ.

ಹಾಗಿದ್ರೆ ಯಾವುದು ಎಲ್ಲಕ್ಕಿಂತ ಮಜಾ? ದಿನಾ ಬದುಕೋಕೆ ಗಾಲ್ಫ್. ಎಂಜಿನ್ನಿನ ಹಾಡಿಗೆ ಸಿವಿಕ್. ಎಲ್ಲದರಲ್ಲೂ ಹದವಾಗಿ ಬೇಕು ಅಂದ್ರೆ ಕ್ಲಿಯೋ ವಿಲಿಯಮ್ಸ್. ಓಡಿಸುವ ಖುಷಿ ಒಂದನ್ನೇ ತೂಗಿದರೆ ನನ್ನ ಓಟು 205ಗೆ, ಅದರಲ್ಲೂ 1.9 ಬಿಟ್ಟು 1.6ಗೆ. ಎಂಜಿನ್ ಸಣ್ಣದು, ಹಾಗಾಗಿ ಪೂರ್ತಿ ಬಳಸಬಹುದು. ಎಂಟುನೂರೈವತ್ತು ಕಿಲೋ ನಿಮ್ಮ ಪ್ರತಿ ಸಣ್ಣ ನಿರ್ಧಾರಕ್ಕೂ ತಕ್ಷಣ ಉತ್ತರ ಕೊಡುತ್ತೆ, ತಪ್ಪು ನಿರ್ಧಾರಕ್ಕೂ. ಖುಷಿ ಇರೋದೇ ಆ ಉತ್ತರದಲ್ಲಿ. ಹೆದರಿಕೆ ಇರೋದೂ ಅಲ್ಲೇ, ಎರಡನ್ನೂ ಬೇರೆ ಮಾಡೋಕಾಗಲ್ಲ. ಹಿಂದಿನ ಸೀಟಲ್ಲಿ ಮಗು ಕೂರಿಸಿಕೊಂಡು ಅದನ್ನು ಚಾರ್ಮಾಡಿ ಘಾಟಿ ಇಳಿಸ್ತೀಯಾ ಅಂದ್ರೆ ಇಲ್ಲ ಅಂತೀನಿ, ಯೋಚನೆಯೇ ಮಾಡಲ್ಲ.

ಆದರೂ ಹಗುರ ಮತ್ತು ಸುರಕ್ಷೆ ಎಂದೆಂದಿಗೂ ಶತ್ರುಗಳೇ ಅನ್ನೋಕಾಗಲ್ಲ. 1976ಕ್ಕೂ ಇವತ್ತಿಗೂ ನಡುವೆ ಉಕ್ಕು ಬದಲಾಗಿದೆ, ವಿನ್ಯಾಸ ಮಾಡುವ ಸಾಫ್ಟ್‌ವೇರ್ ಬದಲಾಗಿದೆ. 2024ರ ಸ್ವಿಫ್ಟ್ ಆರು ಏರ್‌ಬ್ಯಾಗ್ ಇಟ್ಟುಕೊಂಡೂ 920 ಕಿಲೋ ಆಸುಪಾಸು ಇದೆ. ಎಂಜಿನ್ ಮಾತ್ರ 82 ಎಚ್‌ಪಿ. ಇಂಥದ್ದಕ್ಕೆ ಇನ್ನೊಂದು ಮೂವತ್ತು ಎಚ್‌ಪಿ ಒಗ್ಗರಣೆ ಹಾಕಿದರೆ ಏನಾಗುತ್ತೆ ಅಂತ ಕಂಪನಿಯೊಳಗೆ ಯಾರಾದರೊಬ್ಬ ಎಂಜಿನಿಯರ್‌ಗೆ ಅನಿಸಿರಲೇಬೇಕು. ಅವನು ಅದನ್ನು ಮೀಟಿಂಗಲ್ಲಿ ಹೇಳದೆ ನಾಲ್ಕು ಜನ ಗೆಳೆಯರಿಗೆ ಮೇಲ್ ಮಾಡಿದ್ರೆ ಒಳ್ಳೇದು.